ಮಳೆಗಾಲದ ಲೈನ್‌ನಲ್ಲಿ ಸರ್ವರ್ ಕೆಲಸ: ಮೌಸ್ ಬಿಟ್ಟ ಮೇಲೆ ಆದದ್ದು

ಕೋಣಂದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲೇ ಕೂತು ಸರ್ವರ್ ನೋಡಿಕೊಳ್ಳುತ್ತೇನೆ ಅಂದಾಗ ಒಪ್ಪಿದವರು ಯಾರೂ ಇಲ್ಲ. 'ಆಷಾಢ ಬರಲಿ, ತಾನಾಗೇ ಬೆಂಗಳೂರು ಬಸ್ ಹತ್ತುತ್ತೀಯ' ಅಂದರು ಜೊತೆಯವರು. ಆಮೇಲೆ ನಾಲ್ಕೈದು ಮಳೆಗಾಲ ಕಳೆದಿವೆ. ಬಸ್ ಹತ್ತಿಲ್ಲ. ಹಾಗಂದವರೇ ಈಗ ಫೋನ್ ಮಾಡಿ ಹೇಗೆ ಸೆಟಪ್ ಮಾಡಿದ್ದೀಯ ಅಂತ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟಿದ್ದು ದೂರದ ಸರ್ವರ್ ಪರದೆಯನ್ನೇ ಇಲ್ಲಿ ತೋರಿಸುವ ರಿಮೋಟ್ ಡೆಸ್ಕ್‌ಟಾಪ್. ಪುನರ್ವಸು ಮಳೆ ಹಿಡಿದ ವಾರ ಮರ ಬಿದ್ದು ಫೈಬರ್ ಹರಿಯಿತು. ಉಳಿದದ್ದು ಮೊಬೈಲ್ ಸಿಗ್ನಲ್, ಅದೂ ಮಾಳಿಗೆಯ ಕಿಟಕಿಯಲ್ಲಿ ಮಾತ್ರ. ಒಂದು ಮೆನು ಕ್ಲಿಕ್ ಮಾಡಿದರೆ ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಎರಡನೇ ಸಿಮ್, ಸಿಗ್ನಲ್ ಬೂಸ್ಟ್ ಮಾಡುತ್ತದೆ ಅಂತ ಕೊಟ್ಟ ಒಂದು ಆಂಟೆನಾ, ಎಲ್ಲಾ ಸೇರಿ ಆರೇಳು ಸಾವಿರ ಹೋಯಿತು. ಪ್ರಯೋಜನ ಸೊನ್ನೆ.

ಎಸ್‌ಎಸ್‌ಎಚ್ (ಬರೀ ಕಮಾಂಡ್ ಟೈಪ್ ಮಾಡಿ ದೂರದ ಸರ್ವರ್ ನಡೆಸುವ ದಾರಿ) ಪರವಾಗಿಲ್ಲ ಅನ್ನಿಸಿದರೂ ಅಲ್ಲೂ ತೊಂದರೆ ಇತ್ತು. ಒತ್ತಿದ ಅಕ್ಷರ ಸರ್ವರ್‌ಗೆ ಹೋಗಿ ಬಂದ ಮೇಲೇ ಕಾಣಿಸುವುದು ಅಲ್ವಾ? ಉದ್ದ ಕಮಾಂಡಿನ ಮೊದಲ ಪದ ತಿದ್ದಬೇಕು ಅಂದರೆ ಎಡ ಬಾಣವನ್ನು ಮೂವತ್ತು ಸಲ ಕುಟ್ಟುವುದು, ಕರ್ಸರ್ ಎಲ್ಲಿದೆ ಗೊತ್ತಾಗದೆ ಕಾಯುವುದು. ಶಾರ್ಟ್‌ಕಟ್ ಬೆಲೆ ನನಗೆ ತಿಳಿದಿದ್ದು ಅಲ್ಲೇ. ಕಂಟ್ರೋಲ್+ಎ ಒತ್ತಿದರೆ ಸಾಲಿನ ಮೊದಲಿಗೆ, ಕಂಟ್ರೋಲ್+ಇ ಕೊನೆಗೆ, ಆಲ್ಟ್+ಬಿ ಒಂದು ಪದ ಹಿಂದಕ್ಕೆ. ಮೂವತ್ತು ಸಲ ಒತ್ತುವ ಕಡೆ ಒಂದೇ ಸಲ. ಒಳ್ಳೆ ಲೈನ್ ಇರುವವರಿಗೆ ಇದು ಸುಮ್ನೆ ಸ್ಟೈಲ್. ನನಗೆ ಅನ್ನ.

ಒಂದು ಉದಾಹರಣೆ ಹೇಳುತ್ತೇನೆ. ರಾತ್ರಿ ಸೈಟ್ ಬಿದ್ದಿದೆ, ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡಬೇಕು. ಉದ್ದ ಪಾತ್ (ಫೈಲ್ ಇರುವ ಜಾಗ) ಕೊಟ್ಟು ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಹೊಡೆದೆ, ಫೈಲ್ ಇದೆ. ಈಗ ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಅಂತ ಟೈಪ್ ಮಾಡಿ ಒಂದು ಸ್ಪೇಸ್ ಬಿಟ್ಟು ಆಲ್ಟ್+ಚುಕ್ಕೆ. ಹಿಂದಿನ ಕಮಾಂಡಿನ ಕೊನೆಯ ಪದ, ಅಂದರೆ ಇಡೀ ಪಾತ್, ತಾನೇ ಬಂದು ಕೂರುತ್ತದೆ. ಇನ್ನೊಮ್ಮೆ ಒತ್ತಿದರೆ ಅದಕ್ಕೂ ಹಿಂದಿನದು. ಅರ್ಧ ಟೈಪ್ ಮಾಡಿದ ಮೇಲೆ ಬೇರೇನೋ ಮೊದಲು ಮಾಡಬೇಕು ಅನ್ನಿಸಿದರೆ ಕಂಟ್ರೋಲ್+ಯು, ಸಾಲು ಮಾಯ. ಆ ಕೆಲಸ ಮುಗಿಸಿ ಕಂಟ್ರೋಲ್+ವೈ, ಸಾಲು ವಾಪಸ್.

ಹಳೆಯ ಕಮಾಂಡ್ ಹುಡುಕುವ ಕಂಟ್ರೋಲ್+ಆರ್ ಎಲ್ಲರಿಗೂ ಗೊತ್ತು. ಆದರೆ ಹುಡುಕುತ್ತಾ ಒಂದು ಹೆಜ್ಜೆ ಜಾಸ್ತಿ ಹಿಂದೆ ಹೋದರೆ ಮುಂದೆ ಬರಲು ಕಂಟ್ರೋಲ್+ಎಸ್ ಇದೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಆದರೆ ಅದನ್ನು ಒತ್ತಿದರೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತದೆ. ಕಂಟ್ರೋಲ್+ಕ್ಯೂ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಹೀಗೆ ತಡೆಯುವ ಫ್ಲೋ ಕಂಟ್ರೋಲ್ ಆಫ್ ಮಾಡುವ ಸಾಲನ್ನು, ಬ್ಯಾಶ್ (ಕಮಾಂಡ್ ಓದಿ ನಡೆಸುವ ಶೆಲ್) ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿಗೆ ಸೇರಿಸಿದರೆ ಆ ಕಾಟ ಇಲ್ಲ. ಉಬುಂಟುವಿನಲ್ಲಿ ಹಿಸ್ಟರಿ (ಹಿಂದೆ ಹೊಡೆದ ಕಮಾಂಡ್‌ಗಳ ಪಟ್ಟಿ) ಸಾವಿರ ಸಾಲಿಗೆ ನಿಲ್ಲುತ್ತದೆ, ನಾನು ಅದನ್ನು ಲಕ್ಷಕ್ಕೆ ಏರಿಸಿದ್ದೇನೆ. ಎರಡು ವರ್ಷದ ಹಿಂದಿನ ಕಮಾಂಡ್ ಕೂಡ ಮೂರು ಅಕ್ಷರಕ್ಕೆ ಸಿಗುತ್ತದೆ. ಇನ್‌ಪುಟ್‌ಆರ್‌ಸಿಯಲ್ಲಿ (ಕೀಗಳ ಸೆಟ್ಟಿಂಗ್ ಫೈಲ್) ಇನ್ನೂ ಎರಡು ಸಾಲು ಇವೆ, ಅವು ನನ್ನ ಬಂಡವಾಳ, ಇಲ್ಲಿ ಹೇಳುವುದಿಲ್ಲ.

ಲೈನ್ ಸತ್ತಾಗ ಸಿಕ್ಕಿಕೊಂಡ ಎಸ್‌ಎಸ್‌ಎಚ್ ಕಿಟಕಿಯನ್ನು ಮುಚ್ಚಿ ಹೊಸದು ತೆರೆಯುವವರೇ ಜಾಸ್ತಿ. ಎಂಟರ್, ಟಿಲ್ಡೆ, ಚುಕ್ಕೆ, ಈ ಮೂರನ್ನು ಒಂದರ ಹಿಂದೆ ಒಂದು ಒತ್ತಿ. ಸೆಷನ್ ಅಲ್ಲೇ ಕಡಿಯುತ್ತದೆ. ಕೆಲಸ ಟಿಮಕ್ಸ್ (ಲೈನ್ ಕಡಿದರೂ ಸೆಷನ್ ಅನ್ನು ಸರ್ವರ್‌ನಲ್ಲಿ ಉಳಿಸುವ ಪ್ರೋಗ್ರಾಮ್) ಒಳಗಿದ್ದರೆ ಏನೂ ಹೋಗುವುದಿಲ್ಲ, ಮತ್ತೆ ಅಟ್ಯಾಚ್ ಆದರಾಯಿತು. ಟಿಮಕ್ಸ್‌ನ ಪ್ರಿಫಿಕ್ಸ್ ಕೀಯನ್ನು (ಅದರ ಬೇರೆ ಕೀಗಳಿಗೆ ಮೊದಲು ಒತ್ತುವುದು) ಕಂಟ್ರೋಲ್+ಎ ಮಾಡಿಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಾಲಿನ ಮೊದಲಿಗೆ ಹೋಗುವ ಕೀ ದಿನಕ್ಕೆ ನೂರು ಸಲ ಬೇಕು. ಮೊದಲಿಂದ ಇರುವ ಕಂಟ್ರೋಲ್+ಬಿಯನ್ನೇ ಇಟ್ಟುಕೊಳ್ಳಿ.

ಕೊನೆಗೆ ನಿಜವಾಗಿ ಕೈ ಹಿಡಿದಿದ್ದು ಮಾಶ್, ಎಸ್‌ಎಸ್‌ಎಚ್ ಜಾಗದಲ್ಲಿ ಬಳಸುವ ಪ್ರೋಗ್ರಾಮ್. ಸರ್ವರ್ ಉತ್ತರಕ್ಕೆ ಕಾಯದೆ ಅಕ್ಷರವನ್ನು ನಮ್ಮ ಪರದೆಯಲ್ಲೇ ತೋರಿಸುತ್ತದೆ, ಖಾತ್ರಿಯಾಗುವವರೆಗೆ ಕೆಳಗೆ ಗೆರೆ ಇರುತ್ತದೆ. ಫೈಬರ್ ಹೋಗಿ ಮೊಬೈಲ್‌ಗೆ ಬದಲಾದರೂ ಸೆಷನ್ ಕಡಿಯುವುದಿಲ್ಲ. ಅದಕ್ಕೆ ಬೇಕಾದ ಯುಡಿಪಿ ಪೋರ್ಟ್ (ಡೇಟಾ ಹೋಗಿಬರುವ ಬಾಗಿಲು) ತೆರೆಯಿರಿ ಅಂತ ಕಚೇರಿಯವರ ಬೆನ್ನು ಹತ್ತಿ ಎರಡು ಮೂರು ತಿಂಗಳು ಅಲೆದೆ. ಹಳೆಯ ಔಟ್‌ಪುಟ್ ಮೇಲೆ ಸರಿಸಿ ನೋಡಲು ಅದರಲ್ಲಿ ಆಗುವುದಿಲ್ಲ, ಅದಕ್ಕೆ ಒಳಗೆ ಟಿಮಕ್ಸ್ ಇರಲೇಬೇಕು.

ಮಧ್ಯೆ ಬ್ಯಾಶ್ ಅನ್ನು ವಿಐ ಮೋಡ್‌ಗೆ (ವಿಐ ಎಡಿಟರಿನ ಕೀಗಳ ರೀತಿ) ಹಾಕಿ ನೋಡಿದೆ. ಆಲ್ಟ್+ಚುಕ್ಕೆ ಕೆಲಸ ಮಾಡದೆ ಹೋಯಿತು, ಅಲ್ಲಿಗೇ ಬಿಟ್ಟೆ. ಕ್ಯಾಪ್ಸ್ ಲಾಕ್ ಅನ್ನು ಕಂಟ್ರೋಲ್ ಮಾಡಿಕೊಂಡಿದ್ದು ಮಾತ್ರ ಇವತ್ತಿಗೂ ಹಾಗೇ ಇದೆ. ಕಿರುಬೆರಳಿನ ನೋವು ಹೋಯಿತು.

ಖರ್ಚು ಕೇಳುತ್ತೀರಲ್ಲ: ಮೂರೂಮುಕ್ಕಾಲು ಸಾವಿರದ ಮೆಕ್ಯಾನಿಕಲ್ ಕೀಬೋರ್ಡ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳಿಸತೊಡಗಿತು. ಈಗ ಶಿವಮೊಗ್ಗದಿಂದ ತಂದ ಆರುನೂರು ರೂಪಾಯಿಯ ಸಾದಾ ಕೀಬೋರ್ಡ್. ರಾತ್ರಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಸ್ಕೆಟ್ ಡಬ್ಬಿಯಲ್ಲಿ ಮಲಗುತ್ತದೆ. ಇನ್ವರ್ಟರ್, ಬ್ಯಾಟರಿಗೆ ಇಪ್ಪತ್ತು ಸಾವಿರದ ಹತ್ತಿರ ಆಯಿತು. ಬೆಂಗಳೂರಿನ ಎರಡು ತಿಂಗಳ ಬಾಡಿಗೆಯೂ ಅಲ್ಲ ಅದು.

ಪಕ್ಕದ ಮನೆಯವರ ಅಡಿಕೆ ಲೆಕ್ಕವೂ ನನ್ನ ಹತ್ತಿರವೇ ಬರುತ್ತದೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳಿಗೆ ಎಕ್ಸೆಲ್‌ನಲ್ಲಿ ಬೇರೆ ಬೇರೆ ಕಾಲಂ. ಕಂಟ್ರೋಲ್+ಸೆಮಿಕೋಲನ್ ಒತ್ತಿದರೆ ಇವತ್ತಿನ ತಾರೀಕು, ಆಲ್ಟ್+ಈಕ್ವಲ್ ಒತ್ತಿದರೆ ಮೊತ್ತ, ಕಂಟ್ರೋಲ್+ಡಿ ಒತ್ತಿದರೆ ಮೇಲಿನದೇ ಕೆಳಗೆ. ಆದರೆ ಅದೇ ಕಂಟ್ರೋಲ್+ಡಿ ಟರ್ಮಿನಲ್‌ನ ಖಾಲಿ ಸಾಲಿನಲ್ಲಿ ಶೆಲ್ ಮುಚ್ಚುತ್ತದೆ, ಜೋಪಾನ.

ಬ್ರೌಸರ್ ಒಳಗಿನ ಟರ್ಮಿನಲ್‌ನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು. ಅಲ್ಲಿ ಪದ ಅಳಿಸಲು ಕಂಟ್ರೋಲ್+ಡಬ್ಲ್ಯೂ ಒತ್ತಿದರೆ ಟ್ಯಾಬೇ ಹೋಗುತ್ತದೆ. ಆಲ್ಟ್+ಬ್ಯಾಕ್‌ಸ್ಪೇಸ್ ಬಳಸಿ, ಪದ ಮಾತ್ರ ಅಳಿಯುತ್ತದೆ. ಕೈ ತಪ್ಪಿ ಟ್ಯಾಬ್ ಹೋಗಿಯೇಬಿಟ್ಟರೆ ಕಂಟ್ರೋಲ್+ಶಿಫ್ಟ್+ಟಿ ಒತ್ತಿ ವಾಪಸ್ ತನ್ನಿ, ಟಿಮಕ್ಸ್‌ಗೆ ಮತ್ತೆ ಅಟ್ಯಾಚ್ ಆಗಿ.