ಗೆಜ್ಜೆಯ ಬಿಲ್ಲನ್ನೂ ಎತ್ತಿಡಿ

ಉಡುಪಿಯ ಕುಂಜಿಬೆಟ್ಟಿನಲ್ಲಿ ನಾನು ಬೆಳಗ್ಗೆ ಹೆಂಗಸರಿಗೆ ಜುಂಬಾ, ಸಂಜೆ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ನನ್ನಂತೆ ಸ್ವಂತ ತರಗತಿ ನಡೆಸುವ ಕಿರಿಯರು ಮಾರ್ಚ್ ಬಂತೆಂದರೆ ಕೇಳುವುದು ಒಂದೇ: “ಅಕ್ಕಾ, ಎಲ್‌ಐಸಿ ಕಟ್ಟಿದ್ದೇನೆ, ತೆರಿಗೆ ಲೆಕ್ಕದಲ್ಲಿ ಅದನ್ನು ಆದಾಯದಿಂದ ಕಳೆಯಬಹುದಲ್ಲ?” ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಕೆಲಸಕ್ಕೆಂದು ಮಾಡಿದ ಖರ್ಚನ್ನು ಹೊಸ ಪದ್ಧತಿಯಲ್ಲೂ ಕಳೆಯಬಹುದು. ನಮ್ಮ ಹಣ ಉಳಿಯುವುದು ಅಲ್ಲಿ.

ಒಂದು ಲೆಕ್ಕ ಹಾಕೋಣ. ನೃತ್ಯಕ್ಕೆ 80 ಮಕ್ಕಳು, ತಿಂಗಳಿಗೆ ತಲಾ 800 ರೂಪಾಯಿ. ಜುಂಬಾಕ್ಕೆ 40 ಮಂದಿ, ತಲಾ 1,200. ಶಾಲೆಯೊಂದರಲ್ಲಿ ವಾರದ ತರಗತಿಗೆ ತಿಂಗಳಿಗೆ 8,000. ಒಟ್ಟು ತಿಂಗಳಿಗೆ 1,20,000, ವರ್ಷಕ್ಕೆ 14,40,000. ಅಷ್ಟನ್ನೂ ಲಾಭವೆಂದು ತೋರಿಸಿದರೆ 2025–26ರ ದರದಲ್ಲಿ ಸೆಸ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ಕರ) ಸೇರಿ 99,840 ರೂಪಾಯಿ ತೆರಿಗೆ. 3 ಲಕ್ಷದ ಖರ್ಚಿಗೆ ದಾಖಲೆಯಿದ್ದರೆ ಆದಾಯ 11,40,000ಕ್ಕೆ ಇಳಿಯುತ್ತದೆ, 12 ಲಕ್ಷದವರೆಗಿನ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಆ 12 ಲಕ್ಷವನ್ನು ಎಣಿಸುವುದು ಖರ್ಚು ಕಳೆದ ಮೇಲೆ ಎಂಬುದು ಗೊತ್ತಿಲ್ಲದೆ ಎಷ್ಟೋ ಮಂದಿ ಸುಮ್ಮನೆ ಹಣ ಕಟ್ಟುತ್ತಾರೆ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ಸಂಗತಿ.

ಸಭಾಂಗಣದ ಬಾಡಿಗೆ, ಮೆಸ್ಕಾಂ ಬಿಲ್, ಸಹಾಯಕಿಯ ಸಂಬಳ, ಗೆಜ್ಜೆ, ನಟ್ಟುವಾಂಗದ ತಾಳ, ಮ್ಯಾಟ್, ಜುಂಬಾ ಪರವಾನಗಿಯ ಶುಲ್ಕ, ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವ ಸ್ಕೂಟರಿನ ಪೆಟ್ರೋಲ್, ಎಲ್ಲವೂ ಬರೆಯುವಂಥವೇ. ಮನೆಯ ಮಾಳಿಗೆಯಲ್ಲಿ ಕಲಿಸುವವರು ಕರೆಂಟ್ ಬಿಲ್ಲಿನ ಒಂದು ಪಾಲನ್ನು ಮಾತ್ರ ಬರೆಯಬೇಕು. ಸ್ವಂತ ಮನೆಗೆ ತಾವೇ ಬಾಡಿಗೆ ಕೊಟ್ಟಂತೆ ತೋರಿಸುವಂತಿಲ್ಲ. ವೇದಿಕೆಗೆಂದೇ ಹೊಲಿಸಿದ ನೃತ್ಯದ ಉಡುಪು ಸರಿ. ಮದುವೆಗೂ ಉಡುವ ರೇಷ್ಮೆ ಸೀರೆಯನ್ನು ಅದರೊಂದಿಗೆ ಸೇರಿಸಬೇಡಿ.

ಬಹುಕಾಲ ಬಾಳುವ ವಸ್ತುಗಳ ಬೆಲೆ ಒಂದೇ ವರ್ಷದಲ್ಲಿ ಕಳೆಯುವುದಿಲ್ಲ. 60,000 ರೂಪಾಯಿಯ ಧ್ವನಿ ವ್ಯವಸ್ಥೆಗೆ ಸವಕಳಿ, ಅಂದರೆ ಹಳತಾದಂತೆ ಇಳಿಯುವ ಬೆಲೆಯೆಂದು ಕಳೆಯಬಹುದಾದ ಪಾಲು, ವರ್ಷಕ್ಕೆ 15 ಶೇಕಡಾ, ಅಂದರೆ ಮೊದಲ ವರ್ಷ 9,000. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ದೀಪಾವಳಿಗೆ ಕೊಂಡವರಿಗೆ 4,500 ಮಾತ್ರ. ಲ್ಯಾಪ್‌ಟಾಪಿಗೆ 40 ಶೇಕಡಾ.

ನಗದಿನ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ವಾರ್ಷಿಕೋತ್ಸವದ ರಾತ್ರಿ, ಮಕ್ಕಳು ಬಣ್ಣ ತೊಳೆಯುತ್ತಿದ್ದಾಗ, ಮೃದಂಗ ನುಡಿಸಿದವರ ಕೈಗೆ 12,000 ರೂಪಾಯಿ ಇಟ್ಟು ಕುರ್ಚಿಯ ಮೇಲೆ ರಸೀದಿ ಇರಿಸಿ ಸಹಿ ಪಡೆದೆ. ರಸೀದಿ ಇದ್ದೂ ಪ್ರಯೋಜನವಾಗಲಿಲ್ಲ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಇಡೀ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚಿನ 2,000 ಮಾತ್ರ ಹೋಗುತ್ತದೆ ಅಂದುಕೊಂಡಿದ್ದೆ, ಹೋದದ್ದು 12,000ವೂ. ಈಗ ಪಕ್ಕವಾದ್ಯದವರಿಗೆಲ್ಲ ಬ್ಯಾಂಕ್ ಮೂಲಕವೇ ಕೊಡುತ್ತೇನೆ.

ಲೆಕ್ಕ ಬರೆಯದೆ ಅಂದಾಜು ಲಾಭ ತೋರಿಸುವ ದಾರಿಯೂ ಇದೆ. ಅದನ್ನು ಹಿಡಿದರೆ ಈ ಖರ್ಚುಗಳನ್ನು ಬೇರೆಯಾಗಿ ಕಳೆಯಲಾಗದು. ನಿಮ್ಮ ಕಲಿಸುವಿಕೆಗೆ ಅದು ಹೊಂದುತ್ತದೆಯೇ ಎಂದು ಆಡಿಟರ್ ಬಳಿ ಕೇಳಿಯೇ ತೀರ್ಮಾನಿಸಿ.

ಅಂಗಡಿಯ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಜತೆಗೆ ನಮ್ಮೂರಿನ ಆಟಿ ತಿಂಗಳ ತೇವ. ಕೊಂಡ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು, ಯಾವ ತರಗತಿಗೆ ಕೊಂಡದ್ದೆಂದು ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ.

ಕೊನೆಗೆ, ಆ ಶಾಲೆ ವರ್ಷಕ್ಕೆ ಕೊಡುವ 96,000ದಲ್ಲಿ 10 ಶೇಕಡಾ, ಅಂದರೆ 9,600 ರೂಪಾಯಿ, ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಎಂದು ಹಿಡಿದಿರುತ್ತಾರೆ. ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಬಂದಿದೆಯೇ ನೋಡಿ. ತೆರಿಗೆ ಸೊನ್ನೆಯಾದವರು ರಿಟರ್ನ್ ಸಲ್ಲಿಸಿದರೆ ಅಷ್ಟೂ ಖಾತೆಗೆ ವಾಪಸು ಬರುತ್ತದೆ.