ಆ ಕೂಗನ್ನು ಓದಲೇಬೇಕಿತ್ತು

ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ಮನೆಯಲ್ಲೇ ನೋಡಿಕೊಳ್ಳುತ್ತಿರುವ 14 ಜನರಿಗಾಗಿ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಫಿಲಾಕ್ಟಿಟಿಸ್' ನಾಟಕ ಓದಲು ಹೊರಟೆ. ನಾನೇ ಕನ್ನಡಕ್ಕೆ ತಂದ ಪ್ರತಿಯಲ್ಲಿ ಮೊದಲು ಹೊಡೆದುಹಾಕಿದ್ದು ನಾಯಕ ಫಿಲಾಕ್ಟಿಟಿಸನ ನೋವಿನ ಕೂಗನ್ನು. ಪಾಪ, ಇವರಿಗೆ ಇನ್ನಷ್ಟು ಸಂಕಟ ಯಾಕೆ ಅನ್ನಿಸಿತು.

ಟ್ರಾಯ್ ಯುದ್ಧಕ್ಕೆ ಹೊರಟವನಿಗೆ ಹಾವು ಕಚ್ಚುತ್ತದೆ. ಗಾಯ ಕೊಳೆತು ನಾರುತ್ತದೆ. ಅವನ ಕಿರುಚಾಟದಿಂದ ದೇವರ ಪೂಜೆಯೂ ಸಾಗುವುದಿಲ್ಲ. ಜೊತೆಗಾರರು ಅವನನ್ನು ಲೆಮ್ನೋಸ್ ದ್ವೀಪದಲ್ಲಿ ಬಿಟ್ಟುಹೋಗುತ್ತಾರೆ. ಹತ್ತನೇ ವರ್ಷ ಯುದ್ಧ ಗೆಲ್ಲಲು ಅವನ ಬಿಲ್ಲು ಬೇಕಾಗುತ್ತದೆ. ಮೋಸದಿಂದ ಅದನ್ನು ತರಲು ವೀರ ಅಕಿಲೀಸನ ಮಗ, ಹುಡುಗ ನಿಯೊಪ್ಟೊಲೆಮಸ್‌ನನ್ನು ಕರೆತರುತ್ತಾರೆ.

ಕ್ರಿ.ಪೂ. 409ರಲ್ಲಿ ಅಥೆನ್ಸ್‌ನಲ್ಲಿ ಇದನ್ನು ನೋಡಲು ಕೂತವರಲ್ಲಿ ಯುದ್ಧ ಕಂಡವರೇ ಜಾಸ್ತಿ. ಸೊಫೊಕ್ಲಿಸನೂ ಸೇನಾಪತಿಯಾಗಿದ್ದವನು. 2008ರಲ್ಲಿ ರಂಗನಿರ್ದೇಶಕ ಬ್ರಯನ್ ಡೋರೀಸ್ ಇದನ್ನೂ ಸೊಫೊಕ್ಲಿಸನದೇ ಇನ್ನೊಂದು ನಾಟಕ 'ಏಜಾಕ್ಸ್' ಅನ್ನೂ ಸ್ಯಾನ್ ಡಿಯಾಗೋದಲ್ಲಿ ಅಮೆರಿಕದ ಸೈನಿಕರ ಮುಂದೆ ಓದಿಸಿದರು. ನಾನು ಅವರ ಕ್ರಮವನ್ನೇ ಹಿಡಿದೆ. ವೇಷ ಇಲ್ಲ, ಮೂರು ಕುರ್ಚಿ, ಮೂವರು ಓದುವವರು, ಆಮೇಲೆ ಮಾತುಕತೆ.

ತಾಲೀಮಿನಲ್ಲಿ ಹಿರಿಯ ನಟರೊಬ್ಬರು ಕೇಳಿದರು: "ಕೂಗೇ ಇಲ್ಲದಿದ್ರೆ ಆ ಹುಡುಗನ ಮನಸ್ಸು ಯಾಕೆ ಬದಲಾಗುತ್ತೆ?" ನನ್ನ ಹತ್ತಿರ ಉತ್ತರವಿರಲಿಲ್ಲ. ಮೂಲದಲ್ಲಿ ಅದು ಬರೀ ಸದ್ದು: "ಪಪಾಯ್, ಅಪಪ್ಪಪಾಯ್". ನಾವು ನೋವಾದಾಗ "ಅಪ್ಪಪ್ಪಾ" ಅನ್ನುವುದಕ್ಕೆ ಎಷ್ಟು ಹತ್ತಿರ, ಅಲ್ವಾ? ಅನುವಾದಿಸದೆ ಹಾಗೇ ಮತ್ತೆ ಸೇರಿಸಿದೆ.

ಓದಿನ ದಿನ ಆ ನಟರು ಗಂಟಲು ಬಿಟ್ಟು ಕೂಗಿದರು. ಯಾರೂ ಎದ್ದುಹೋಗಲಿಲ್ಲ. ನಿದ್ದೆಗೆ ಜಾರುವ ಮುಂಚೆ ಫಿಲಾಕ್ಟಿಟಿಸ್ ಬಿಲ್ಲನ್ನು ಹುಡುಗನ ಕೈಗೆ ಕೊಟ್ಟು, ಬಿಟ್ಟುಹೋಗುವುದಿಲ್ಲ ಅಂತ ಮಾತು ತೆಗೆದುಕೊಳ್ಳುತ್ತಾನೆ. ಬಿಲ್ಲು ಹಿಡಿದು ಹೊರಡಲು ಇದೇ ಸಮಯ ಎನ್ನುತ್ತದೆ ಮೇಳ. ಹುಡುಗ ಹೋಗುವುದಿಲ್ಲ. ಅಲ್ಲಿಗೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದೆ: "ಇದರಲ್ಲಿ ನಿಮ್ಮ ಮನೆ ಎಲ್ಲಿ ಕಂಡಿತು?"

ತುಂಬಾ ಹೊತ್ತು ಮೌನ. ನಾನು ಮಾತಾಡಲಿಲ್ಲ. ಕೊನೆಗೆ ಒಬ್ಬಾಕೆ ಹೇಳಿದರು: "ನಮ್ಮ ಯಜಮಾನ್ರು ಕೂಗಿದಾಗ ನಾನು ಅಡುಗೆಮನೆ ಬಾಗಿಲು ಹಾಕ್ಕೊಂಡು ಸುಮ್ನೆ ಮಿಕ್ಸಿ ಹಾಕ್ತೀನಿ. ಇದನ್ನ ಯಾರಿಗೂ ಹೇಳಿಲ್ಲ." ಪಕ್ಕದವರು ತಲೆ ಎತ್ತದೆ ಅಂದರು: "ನಾನು ಟಿವಿ ಸೌಂಡ್ ಜಾಸ್ತಿ ಮಾಡ್ತೀನಿ." ಆಮೇಲೆ ಎರಡು ಗಂಟೆ ಮಾತು ನಿಲ್ಲಲಿಲ್ಲ. ದ್ವೀಪದಲ್ಲಿ ಬಿಟ್ಟುಬಂದವರ ಕಥೆಯೂ ಇದರೊಳಗಿದೆ ಅಂತ ನನಗೆ ಹೊಳೆದದ್ದು ಅವತ್ತೇ. ಅದುವರೆಗೆ ನಾನು ಅವರನ್ನು ಕಟುಕರು ಎಂದೇ ಓದಿಕೊಂಡಿದ್ದೆ.

ಹೊರಡುವಾಗ ಆಕೆ ಕೇಳಿದರು: "ಅವನ ಕಾಲು ವಾಸಿಯಾಗುತ್ತಾ?"

ಟ್ರಾಯ್‌ಗೆ ಹೋದರೆ ವಾಸಿಯಾಗುತ್ತದೆ ಅಂತ ನಾಟಕದ ಕೊನೆಯಲ್ಲಿ, ದೇವರಾದ ವೀರ ಹೆರಾಕ್ಲಿಸ್ ಬಂದು ಹೇಳುತ್ತಾನೆ. ಮುಂದಿನ ಭಾನುವಾರ ಅದನ್ನೂ ಓದಿದೆವು.