ಕ್ಲಿಪ್ಪಿಗೂ ಮೊದಲು ವಸಡು: ಮಂಡ್ಯದ ದಂತವೈದ್ಯೆಯಾಗಿ ನನ್ನ ಅನುಭವ

ಮಂಡ್ಯದ ನನ್ನ ಕ್ಲಿನಿಕ್ಕಿಗೆ ಮಕ್ಕಳ ಉಬ್ಬುಹಲ್ಲು ತೋರಿಸಲು ಬರುವ ತಂದೆತಾಯಿಯರು ಮೊದಲು ಕೇಳುವುದು, “ಕ್ಲಿಪ್ ಯಾವತ್ತು ಹಾಕ್ತೀರಿ ಮೇಡಂ?” ಎಂದು. ವಸಡಿನಲ್ಲಿ ರಕ್ತ ಬರುವುದು ನಿಂತ ಮೇಲೆ ಎಂಬ ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಮದುವೆ ಗೊತ್ತಾದ ಮೇಲೆ ಅವಸರದಲ್ಲಿ ಬರುವವರಿಗಂತೂ ಇನ್ನೂ ಕಡಿಮೆ.

ಆದರೂ ಈ ಕ್ರಮವನ್ನು ನಾನು ಸಡಿಲಿಸುವುದಿಲ್ಲ. ಹಲ್ಲು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿರದೆ ಸೂಕ್ಷ್ಮ ನಾರುಗಳ ಮೂಲಕ ಹಿಡಿದುಕೊಂಡಿರುವುದರಿಂದ, ತಂತಿಯ ಹಗುರವಾದ ಒತ್ತಡ ಬಿದ್ದ ಕಡೆ ಎಲುಬು ಕರಗಿ, ಎಳೆತ ಬಿದ್ದ ಕಡೆ ಹೊಸ ಎಲುಬು ಕೂಡುತ್ತ, ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ.ನಷ್ಟು ಸರಿಯುತ್ತದೆ. ವಸಡಿನ ರೋಗ ಆಗಲೇ ಎಲುಬನ್ನು ತಿನ್ನುತ್ತಿರುವ ಬಾಯಲ್ಲಿ ಈ ಕೆಲಸ ಆರಂಭಿಸಿದರೆ, ಹಲ್ಲು ಸಾಲಿಗೆ ಬಂದರೂ ಬುಡ ಅಲ್ಲಾಡತೊಡಗುವ ಅಪಾಯವಿದೆ. ಎಳೆಯರಲ್ಲಿ ಕಾಣುವ ತೊಂದರೆ ಬೇರೆ: ಸರಿಯಾಗಿ ಉಜ್ಜದಿದ್ದರೆ, ತಂತಿ ಹಿಡಿಯಲೆಂದು ಹಲ್ಲಿಗೆ ಅಂಟಿಸುವ ಬ್ರ್ಯಾಕೆಟ್ಟಿನ ಸುತ್ತ ಕೆಲವೇ ವಾರಗಳಲ್ಲಿ ಬಿಳಿ ಕಲೆಗಳು ಮೂಡುತ್ತವೆ, ಮತ್ತು ಅವು ಹುಳುಕಿನ ಮೊದಲ ಹಂತವೇ ಆಗಿರುತ್ತವೆ.

ಆದ್ದರಿಂದ ಮೊದಲ ಭೇಟಿಗಳಲ್ಲಿ ಎಕ್ಸ್‌ರೇ ಮತ್ತು ಹಲ್ಲಿನ ಅಚ್ಚು ತೆಗೆದುಕೊಂಡು, ಪಾಚಿ ತೆಗೆದು, ಹುಳುಕು ತುಂಬಿಸುತ್ತೇನೆ. ಮುಂದಿನ ಸಲ ಹಲ್ಲಿಗೆ, ಪಾಚಿ ಉಳಿದ ಕಡೆ ಹಿಡಿದುಕೊಳ್ಳುವ ಗುಲಾಬಿ ಬಣ್ಣದ ದ್ರಾವಣ ಸವರಿ, ಬಾಯಿ ಮುಕ್ಕಳಿಸಿದ ಮೇಲೆ ಕೈಗೆ ಕನ್ನಡಿ ಕೊಡುತ್ತೇನೆ. ಕೆಳಗಿನ ಮುಂದಲ್ಲುಗಳ ಒಳಬದಿಯಲ್ಲಿ, ವಸಡಿನ ಅಂಚಿಗೆ ಸರಿಯಾಗಿ, ಗುಲಾಬಿ ಗೆರೆಯೊಂದು ಹಾಗೆಯೇ ಉಳಿದಿರುತ್ತದೆ. ದಿನಕ್ಕೆರಡು ಬಾರಿ ಉಜ್ಜುತ್ತೇನೆಂದು ವಾದಿಸುತ್ತಿದ್ದ ಹುಡುಗ ಅದನ್ನು ನೋಡಿ ತಾನಾಗಿಯೇ ಬ್ರಶ್ ಕೇಳುತ್ತಾನೆ. ಬ್ರಶ್ಶಿನ ಎಳೆಗಳನ್ನು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸುವುದನ್ನು, ತಂತಿಯ ಕೆಳಗೆ ತೂರುವ ಸಣ್ಣ ಬ್ರಶ್ಶಿನ ಬಳಕೆಯನ್ನು ಆಗಲೇ ಕಲಿಸುತ್ತೇನೆ. ಫ್ಲೋರೈಡ್ ಪೇಸ್ಟನ್ನು ಉಗಿದರೆ ಸಾಕು, ತಕ್ಷಣ ನೀರು ಹಾಕಿ ಬಾಯಿ ಮುಕ್ಕಳಿಸಬಾರದೆಂಬ ಮಾತನ್ನು ಮಾತ್ರ ಪ್ರತಿ ಭೇಟಿಯಲ್ಲೂ ಹೇಳಬೇಕಾಗುತ್ತದೆ.

ಬ್ರ್ಯಾಕೆಟ್ ಅಂಟಿಸುವ ದಿನದ ಕೆಲಸ ಹೋಲಿಕೆಯಲ್ಲಿ ಸರಳ. ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ, ಅರ್ಧ ನಿಮಿಷದೊಳಗೆ ತೊಳೆದು ಒಣಗಿಸಿದಾಗ ಹಲ್ಲಿನ ಮೇಲ್ಮೈ ಸುಣ್ಣ ಬಳಿದಂತೆ ಮಂಕಾಗಬೇಕು. ಅಲ್ಲಿಗೆ ಎಂಜಲು ತಾಗಿದರೆ ಅಂಟು ಹಿಡಿಯುವುದಿಲ್ಲ. ಮೊದಲ ಕೆಲವು ದಿನ ಅಗಿಯಲು ನೋವಾಗುತ್ತದೆಂದು ಎಚ್ಚರಿಸುವಾಗ ನಮ್ಮ ಕಡೆಯವರಿಗೆ ಮುದ್ದೆಯ ನೆನಪು ಮಾಡುತ್ತೇನೆ, ಏಕೆಂದರೆ ಅದನ್ನು ಅಗಿಯದೆ ನುಂಗುವುದೇ ವಾಡಿಕೆ. ಸಂಕ್ರಾಂತಿಯ ವಿಷಯ ಹಾಗಲ್ಲ. ಕಬ್ಬನ್ನು ಹಲ್ಲಿನಿಂದ ಸಿಗಿದವರು, ಒಣಕೊಬ್ಬರಿ ಮತ್ತು ಅಚ್ಚುಬೆಲ್ಲ ಕಡಿದವರು ಕಿತ್ತುಬಂದ ಬ್ರ್ಯಾಕೆಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಹಬ್ಬದ ಮರುದಿನವೇ ಬರುತ್ತಾರೆ.

ತಂತಿ ಬಿಚ್ಚಿದ ಮೇಲೆ, ಹಿಂದಿನ ಜಾಗಕ್ಕೆ ಸರಿಯಲು ನೋಡುವ ಹಲ್ಲನ್ನು ತಡೆಯಲು ರಿಟೇನರ್ ಕೊಡುತ್ತೇನೆ. ಮೊದಲ ತಿಂಗಳುಗಳಲ್ಲಿ ಊಟದ ಹೊತ್ತು ಬಿಟ್ಟು ಹಗಲಿರುಳೂ, ನಂತರ ರಾತ್ರಿ ಮಾತ್ರ ಅದನ್ನು ಧರಿಸಬೇಕು. ಬಿಸಿನೀರಿನಲ್ಲಿ ತೊಳೆದರೆ ಅದು ಆಕಾರ ಕೆಡುತ್ತದೆ. ಮದುವೆಮನೆಯಲ್ಲಿ ತೆಗೆದು ಎಲೆಯ ಪಕ್ಕದಲ್ಲಿಟ್ಟರೆ ಎಲೆಯ ಜೊತೆಗೇ ಹೋಗುತ್ತದೆಯಾದ್ದರಿಂದ, ಜೇಬಿನಲ್ಲಿ ಹಿಡಿಯುವ ಡಬ್ಬಿಯೊಂದನ್ನು ಜೊತೆಗೇ ಕೊಟ್ಟು ಕಳುಹಿಸುತ್ತೇನೆ.